ಕಲ್ಲಿನ ಒಳಲೆ

ವಿಲಾಯತಿಗೆ ಹೋಗಿ ಬಂದವಳು ಎಂದು ಗೊತ್ತಾದ ಕೂಡಲೇ ದಾವಣಗೆರೆಯ ನಮ್ಮ ಮಂಡಿಪೇಟೆಯ ಹೆಂಗಸರು ಕೇಳುವುದು ಒಂದೇ ಮಾತು: "ರಾಣೀನ ನೋಡಿದ್ರೇನ್ರಿ?" ನೋಡಲಿಲ್ಲ. ಆಕೆಯೂ ನನ್ನನ್ನು ನೋಡಲಿಲ್ಲ, ಲೆಕ್ಕ ಸರಿಹೋಯಿತು. ಲಂಡನ್ನಿನ ಗಡಿಯಾರದ ಗೋಪುರ, ಅರಮನೆ, ಮೇಣದ ಗೊಂಬೆ ಇವುಗಳ ವರ್ಣನೆ ಬೇಕಾದವರು ಬೇರೆಯವರ ಮನೆಗೆ ಹೋಗಬೇಕು. ನಾನು ಆ ದೇಶದಲ್ಲಿದ್ದಷ್ಟು ಕಾಲವೂ ಒಂದು ಅಡಿಗೆಮನೆಯಲ್ಲಿ ಮತ್ತು ಒಂದು ಹೊಳೆಯ ದಂಡೆಯಲ್ಲಿ ಕಳೆದುಹೋಯಿತು. ನನಗೆ ಹೇಳಲು ಬರುವುದು ಅವೆರಡರ ಕಥೆಯೇ.

ಹರಿಹರದ ಸೇತುವೆ

ನಮಗೆ ಉಳಿದ ಒಬ್ಬಳೇ ಮಗಳು ಗಿರಿಜೆ. ಅವಳನ್ನು ಹರಿಹರಕ್ಕೆ ಕೊಟ್ಟಿದ್ದೆವು. ಅಳಿಯ ಶಿವಾನಂದರು ಅಲ್ಲಿನ ಯಂತ್ರದ ಕಾರ್ಖಾನೆಯಲ್ಲಿ ಇಂಜಿನಿಯರು. ಕಾರ್ಖಾನೆಯವರು ಅವರನ್ನು ಹೆಚ್ಚಿನ ಕೆಲಸ ಕಲಿತು ಬರಲೆಂದು ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿಗೆ ಕಳಿಸಿದರು. ಗಿರಿಜೆಯೂ ಜೊತೆಗೆ ಹೋದಳು. ಅಲ್ಲಿಗೆ ಹೋದ ಮೇಲೆ ಬಸುರಿಯಾದಳು. ಚೊಚ್ಚಲ ಬಾಣಂತನ ತವರುಮನೆಯದು ಎನ್ನುತ್ತಾರೆ. ಮಗಳು ಸಮುದ್ರದಾಚೆ ಇದ್ದರೆ ತವರು ಅಲ್ಲಿಗೆ ಹೇಗೆ ಹೋಗಬೇಕು? ಅಂಟಿನುಂಡೆ, ಕೊಬ್ಬರಿ, ಕೂಸಿನ ಕುಲಾವಿ ಎಲ್ಲ ಕಟ್ಟಿ ಪಾರ್ಸೆಲ್ ಕಳಿಸಿ, ನಾನು ಇಲ್ಲಿ ದೇವರ ಮುಂದೆ ದೀಪ ಹಚ್ಚಿ ಕೂತೆ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಹೆಸರಿಡುವ ಮೊದಲೇ ಹೊರಟುಹೋಯಿತು. ಸಂತೋಷದ ತಂತಿಯನ್ನು ಇನ್ನೂ ಬೀಗರ ಮನೆಗೆ ತೋರಿಸುತ್ತಿದ್ದಾಗಲೇ ಎರಡನೆಯ ತಂತಿ ಬಂತು. ಆಮೇಲೆ ಕೆಲವು ತಿಂಗಳಿಗೆ ಅಳಿಯಂದಿರಿಂದ ಸುದ್ದಿ ಬಂತು: ಗಿರಿಜೆ ಅಳುವುದಿಲ್ಲ, ನಗುವುದಿಲ್ಲ, ಮಾತಾಡುವುದಿಲ್ಲ. ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ, ಕಿಟಕಿಯ ಮುಂದೆ ಕೂಡುತ್ತಾಳೆ. ಏನು ಬೇಕು ಎಂದರೆ ಹೇಳುವುದಿಲ್ಲ, ಏನು ಕೊಟ್ಟರೂ ಬೇಡ ಎನ್ನುವುದೂ ಇಲ್ಲ.

ನಮ್ಮ ಯಜಮಾನರಿಗೆ ಮಂಡಿಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿ. ಅವರು ಬಿಟ್ಟು ಬರುವ ಹಾಗಿರಲಿಲ್ಲ. "ನೀನೇ ಹೋಗಿ ಕರ್ಕೊಂಬಾ. ಮನೀಗೆ ಬಂದ್ರೆ ತಾನಾಗೇ ಸರಿಹೋಗ್ತಾಳೆ," ಎಂದರು. ಹೋಗುವಾಗ ಒಬ್ಬಳು, ಬರುವಾಗ ಇಬ್ಬರು ಎಂದು ಹಡಗಿನ ಟಿಕೆಟ್ಟೂ ಹಾಗೆಯೇ ಆಯಿತು. ದಾವಣಗೆರೆಯಿಂದ ಆಚೆ ಹುಬ್ಬಳ್ಳಿಯನ್ನೂ ಸರಿಯಾಗಿ ನೋಡದವಳು ನಾನು. ನನ್ನ ತಮ್ಮ ಬೊಂಬಾಯಿಯವರೆಗೆ ಜೊತೆ ಬಂದು ಹಡಗು ಹತ್ತಿಸುವುದೆಂದು ಗೊತ್ತಾಯಿತು.

ಸ್ಟೇಷನ್ನಿನಲ್ಲಿ ಯಜಮಾನರು ಕಿಟಕಿಯ ಸರಳು ಹಿಡಿದು ನಿಂತು ಒಂದು ಬುದ್ಧಿವಾದ ಹೇಳಿದರು. "ಆಕೀನ ಎದುರಾಎದುರು ಕೇಳಾಕ ಹೋಗಬ್ಯಾಡ. ಬೇಕಾದ ಮಾಲಿನ ಕಡೆ ನೋಡಬಾರ್ದು, ಪಕ್ಕದ ಚೀಲದ ರೇಟ್ ಕೇಳಬೇಕು. ಗೊತ್ತಾತೇನು?" ಮಗಳ ದುಃಖಕ್ಕೂ ಬೆಲ್ಲದ ಪೆಂಟೆಗೂ ಒಂದೇ ನ್ಯಾಯವೇ ಎಂದು ನನಗೆ ಸಿಟ್ಟು ಬಂತು. ಗಾಡಿ ಹೊರಟಿದ್ದರಿಂದ ಜಗಳ ಅಲ್ಲಿಗೇ ನಿಂತಿತು.

ಬಾತಿ ಗುಡ್ಡ ಹಿಂದಕ್ಕೆ ಸರಿಯಿತು. ಹರಿಹರದ ಸೇತುವೆಯ ಮೇಲೆ ಗಾಡಿ ಗುಡುಗುಡು ಎನ್ನುವಾಗ ಎಲ್ಲರೂ ಮಾಡುವಂತೆ ನಾನೂ ಹೊಳೆಗೆ ಒಂದು ಕಾಸು ಎಸೆದು ಕೈಮುಗಿದೆ. ಹರಿಹರ ನನ್ನ ತವರೂರು. ತುಂಗಭದ್ರೆಯಲ್ಲಿ ಈಜು ಕಲಿತವಳು ನಾನು. ಬೆಳಗಿನ ಮಂಜಿನಲ್ಲಿ ಕೆಳಗೆ ಬಟ್ಟೆ ಒಗೆಯುತ್ತಿದ್ದವರ ತಲೆ ಮಾತ್ರ ಕಾಣುತ್ತಿತ್ತು, ಮೈ ಕಾಣುತ್ತಿರಲಿಲ್ಲ. ಪ್ರಯಾಣ ಪೂರ್ತಿ ನನಗೂ ಹಾಗೆಯೇ, ತಲೆ ಮಾತ್ರ ಹೊರಟು ಮೈ ಊರಲ್ಲೇ ಉಳಿದಂತೆ ಅನ್ನಿಸಿತು.

ನೀರಿನ ಮೇಲೆ

ಹಡಗಿನ ಕೋಣೆಯಲ್ಲಿ ನನ್ನ ಜೊತೆ ಒಬ್ಬ ಗುಜರಾತಿ ಮುದುಕಿ ಇದ್ದರು. ಲಂಡನ್ನಿನಲ್ಲಿರುವ ಮಗನ ಹತ್ತಿರ ಹೊರಟವರು. ನನಗೆ ಅವರ ಮಾತು ಬಾರದು, ಅವರಿಗೆ ನನ್ನದು ಬಾರದು. ನಾನು ಖಡಕ್ ರೊಟ್ಟಿ, ಶೇಂಗಾಪುಡಿ ಕೊಟ್ಟೆ, ಅವರು ಥೇಪ್ಲಾ, ಮಾವಿನ ಛುಂದಾ ಕೊಟ್ಟರು. ಸ್ನೇಹವಾಗಲು ಇಷ್ಟು ಸಾಕಾಯಿತು. ಸಂಜೆ ಇಬ್ಬರೂ ಮೇಲೆ ಹೋಗಿ ಕುರ್ಚಿ ಹಾಕಿಕೊಂಡು ಕೂತು, ಅವರು ಅವರ ಭಾಷೆಯಲ್ಲಿ ಸೊಸೆಯನ್ನು ಬೈಯುತ್ತಿದ್ದರು, ನಾನು ನನ್ನ ಭಾಷೆಯಲ್ಲಿ ಗಿರಿಜೆಯ ಕಥೆ ಹೇಳುತ್ತಿದ್ದೆ. ಬೈಯುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅಳುವುದೂ ಅಷ್ಟೇ.

ದಂಡೆಯೇ ಇಲ್ಲದ ನೀರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಳೆಗೆ ಈಚೆ ದಡ, ಆಚೆ ದಡ ಇರುತ್ತದೆ. ಕೆರೆಗೆ ಏರಿ ಇರುತ್ತದೆ. ಇದಕ್ಕೆ ಏನೂ ಇಲ್ಲ. ನೋಡುತ್ತಾ ಕೂತರೆ ಹಡಗು ಹೋಗುತ್ತಿದೆಯೋ ನಿಂತಿದೆಯೋ ತಿಳಿಯದು. ಇವತ್ತು ಸೋಮವಾರವೋ ಗುರುವಾರವೋ ಎಂಬುದೂ ಕೈತಪ್ಪಿತು. ಸೋಮವಾರದ ಒಪ್ಪತ್ತನ್ನು ಅಂದಾಜಿನ ಮೇಲೆ ಮಾಡಿದೆ. ಶಿವನಿಗೆ ಅಷ್ಟು ತಿಳಿಯದೇ?

ಒಂದು ಅನಾಹುತವಾಯಿತು. ದಾವಣಗೆರೆಯ ಮಂಡಕ್ಕಿ ಒಂದು ಡಬ್ಬಿ ತುಂಬ ತಂದಿದ್ದೆ. ಸಮುದ್ರದ ಗಾಳಿಗೆ ಅದು ಮೆತ್ತಗಾಗಿ ಹತ್ತಿಯಂತಾಯಿತು. ಬಿಸಿಲಿಗೆ ಹಾಕಿದರೆ ಗರಿಗರಿಯಾದೀತೆಂದು ಮೇಲೆ ಒಯ್ದು ಪಂಚೆಯ ಮೇಲೆ ಹರವಿದೆ. ಗಾಳಿ ಒಂದು ಬೀಸು ಬೀಸಿತು ನೋಡಿ, ಮಂಡಕ್ಕಿಯೆಲ್ಲ ಹಡಗಿನ ತುಂಬ ಹಾರಿ, ಟೋಪಿ ಹಾಕಿ ಮಲಗಿದ್ದ ಒಬ್ಬ ದೊರೆಯ ಮೈಮೇಲೆ ಅಕ್ಷತೆ ಹಾಕಿದಂತೆ ಬಿತ್ತು. ಆತ ಎದ್ದು, ಒಂದು ಕಾಳು ಬಾಯಿಗೆ ಹಾಕಿಕೊಂಡು, ತಲೆದೂಗಿ ಮತ್ತೆ ಮಲಗಿದ. ಉಳಿದದ್ದು ಹಕ್ಕಿಗಳ ಪಾಲಾಯಿತು.

ಬಂದರಿನಲ್ಲಿ ಸಾಮಾನು ತಪಾಸಣೆ ಮಾಡುವವನು ನನ್ನ ವಿಭೂತಿ ಗಟ್ಟಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ನಾನು ಕೊಂಚ ತೆಗೆದು ಹಣೆಗೆ ಹಚ್ಚಿ ತೋರಿಸಿದೆ. ಆತ ಅದನ್ನು ಸೀಮೆಸುಣ್ಣ, ನನ್ನನ್ನು ಶಾಲೆಯ ಮೇಡಂ ಎಂದುಕೊಂಡನೋ ಏನೋ, ಗೋಡೆಯ ಮೇಲೆ ಒಂದು ಗೆರೆ ಎಳೆದು ನೋಡಿ, ಬಿಳಿಯಾಗಿ ಬಂದದ್ದಕ್ಕೆ ತೃಪ್ತನಾಗಿ ವಾಪಸು ಕೊಟ್ಟ. ಹೊರಗೆ ಅಳಿಯಂದಿರು ಒಬ್ಬರೇ ನಿಂತಿದ್ದರು. ಮುಖ ಸೊರಗಿತ್ತು. "ಅತ್ತೆ, ಬಂದ್ರಲ್ಲ, ಸಾಕು," ಎಂದು ಕಾಲಿಗೆ ನಮಸ್ಕಾರ ಮಾಡಿದರು. ಅಷ್ಟು ಜನರ ಮುಂದೆ ಒಬ್ಬ ಇಂಜಿನಿಯರು ಬಗ್ಗಿದ್ದು ನೋಡಿ ನನಗೆ ದುಃಖ ತಡೆಯಲಿಲ್ಲ.

ಗ್ಲಾಸ್ಟರ್: ಎಡಿತಮ್ಮನ ಅಡಿಗೆಮನೆ

ಅವರಿದ್ದದ್ದು ಎಡಿತ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಅಡಿಗೆಮನೆ ಕೆಳಗೆ, ಎಲ್ಲರಿಗೂ ಸೇರಿ ಒಂದೇ. ನನಗಿಂತ ಹತ್ತು ವರ್ಷ ದೊಡ್ಡವರು. ಬರೀ ಎಡಿತ್ ಎಂದು ಕರೆಯಲು ನಾಲಿಗೆ ಏಳಲಿಲ್ಲ. ಎಡಿತಮ್ಮ ಎಂದೆ. ಆಕೆಗೆ ಅದು ಇಷ್ಟವಾಗಿ, ಪಕ್ಕದ ಮನೆಯವರಿಗೂ ಹಾಗೆಯೇ ಕರೆಯಲು ಹೇಳಿಕೊಟ್ಟರು.

ಗಿರಿಜೆ ನನ್ನನ್ನು ಕಂಡು ಎದ್ದು ನಿಂತಳು. ನಾನು ಅಪ್ಪಿಕೊಂಡೆ. ಬಟ್ಟೆ ಒಗೆಯುವ ಕಲ್ಲನ್ನು ಅಪ್ಪಿಕೊಂಡಂತಾಯಿತು. "ಊರಿಗೆ ಹೋಗೋಣವಾ?" ಎಂದೆ. "ಹೂಂ," ಎಂದಳು. ಇಲ್ಲೇ ಇರೋಣವಾ ಎಂದಿದ್ದರೂ ಹೂಂ ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ಒಂದು ಲಂಗಕ್ಕೆ ಇಡೀ ಕೇರಿಯನ್ನೇ ಎಬ್ಬಿಸುತ್ತಿದ್ದ ಹುಡುಗಿ ಇವಳು. ಕಿಟಕಿಯ ಹತ್ತಿರ ಕೂತವಳನ್ನು ನೋಡಿದರೆ ಒಳಗೆ ಯಾರೂ ಇಲ್ಲದ ಮನೆಗೆ ಹೊರಗಿನಿಂದ ಕದ ತಟ್ಟಿದಂತಿತ್ತು. ಊರಿಗೆ ಕರೆದೊಯ್ದರೂ ಇವಳನ್ನು ಕರೆದೊಯ್ದಂತಾಗುವುದಿಲ್ಲ ಎಂದು ಮೊದಲ ದಿನವೇ ನನಗೆ ಭಯವಾಯಿತು.

ಆಗ ಯಜಮಾನರ ಬೆಲ್ಲದ ನ್ಯಾಯ ನೆನಪಾಯಿತು. ನನಗೆ ಇಂಗ್ಲಿಷ್ ಬಾರದು. ಎಡಿತಮ್ಮನಿಗೆ ಕನ್ನಡ ಬಾರದು. ನಡುವೆ ಮಾತು ದಾಟಿಸಲು ಇದ್ದವಳು ಗಿರಿಜೆ ಒಬ್ಬಳೇ. ಕೂಸಿನ ಸುದ್ದಿ ಎತ್ತಲೇ ಇಲ್ಲ. ಪಕ್ಕದ ಚೀಲದ ರೇಟ್ ಕೇಳುತ್ತಾ ಹೋದೆ.

"ಗಿರಿಜಾ, ಈ ಚಾದ ಪಾತ್ರಿಗೆ ಉಣ್ಣೆ ಟೋಪಿ ಯಾಕ ಹಾಕ್ಯಾರ, ಕೇಳು."

ಗಿರಿಜೆ ಸತ್ತ ದನಿಯಲ್ಲಿ ಕೇಳಿದಳು. ಎಡಿತಮ್ಮ ಉತ್ತರ ಕೊಟ್ಟರು. "ತಣ್ಣಗಾಗಬಾರ್ದು ಅಂತೆ," ಎಂದಳು.

"ಹಂಗಾದ್ರೆ ಆಕೀ ಬೆಕ್ಕಿಗೆ ಯಾಕ ಹಾಕಿಲ್ಲಂತೆ?"

ಅದನ್ನೂ ದಾಟಿಸಿದಳು. ಎಡಿತಮ್ಮ ನಕ್ಕು ನಕ್ಕು ಕುರ್ಚಿಯ ಮೇಲೆ ಕೂತುಬಿಟ್ಟರು. ಹೀಗೆ ದಿನಾ. ಈ ಊರಲ್ಲಿ ಜನ ಮಳೆಯ ಬಗ್ಗೆಯೇ ಯಾಕೆ ಅಷ್ಟು ಮಾತಾಡುತ್ತಾರೆ, ಬಿತ್ತನೆಯೇನಾದರೂ ಇದೆಯೇ? ಚೊಂಬು ಇಲ್ಲದೆ, ತೊಟ್ಟಿಯಲ್ಲಿ ಎಮ್ಮೆಯಂತೆ ಬಿದ್ದುಕೊಂಡರೆ ಸ್ನಾನವಾಗುತ್ತದೆಯೇ? ಸಂಬಂಧವಿಲ್ಲದವರನ್ನೆಲ್ಲ ಮುದ್ದಿನ ಮಾತಿನಿಂದ ಕರೆಯುತ್ತಾರಲ್ಲ, ಸ್ವಂತ ಮಕ್ಕಳನ್ನು ಏನೆಂದು ಕರೆಯುತ್ತಾರೆ? ಅರ್ಧ ನನಗೆ ತಿಳಿದದ್ದೇ. ತಿಳಿಯದವಳಂತೆ ಕೇಳುತ್ತಿದ್ದೆ. ಗಿರಿಜೆಯ ಬಾಯಿಂದ ಹೊರಟದ್ದೆಲ್ಲ ಬೇರೆಯವರ ಮಾತು. ಆದರೂ ಬಾಯಿ ಅವಳದಲ್ಲವೇ? ಒಂದು ಸಂಜೆ ಶಿವಾನಂದರು ಕೆಲಸದಿಂದ ಬಂದವರು, ಒಳಗೆ ಹೆಂಡತಿಯ ದನಿ ಕೇಳಿ, ನೆಂದ ಕೋಟು ಬಿಚ್ಚದೆ ಬಾಗಿಲ ಹೊರಗೇ ನಿಂತಿದ್ದರು. ನಾನು ನೋಡಿಯೂ ನೋಡದಂತೆ ಆಲೂಗಡ್ಡೆ ಹೆಚ್ಚುತ್ತಿದ್ದೆ.

ಜೇಬಿನ ಕಲ್ಲು

ಎಡಿತಮ್ಮನಿಗೆ ಮಂಡಿನೋವು. ಒಲೆಯ ಮುಂದೆ ಬಗ್ಗಿ ಎದ್ದಾಗಲೆಲ್ಲ ಏಪ್ರನ್ನಿನ ಜೇಬಿಗೆ ಕೈಹಾಕಿ ಏನನ್ನೋ ಹಿಡಿದುಕೊಳ್ಳುತ್ತಿದ್ದರು. ಜಪದ ಮಣಿ ಇರಬಹುದೆಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅದನ್ನು ಹೊರಗೆ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೂದು ಬಣ್ಣದ ಕಲ್ಲು. ಅದಕ್ಕೆ ಸೈತಾನನ ಕಾಲುಗುರು ಎಂದು ಹೆಸರಂತೆ. ಜೇಬಿನಲ್ಲಿದ್ದರೆ ಕೀಲುನೋವು ಹತ್ತಿರ ಬರುವುದಿಲ್ಲವಂತೆ. ಅಜ್ಜಿಯ ಕಾಲದಿಂದ ಬಂದದ್ದಂತೆ. ಗಿರಿಜೆ ಎಲ್ಲವನ್ನೂ ಒಂದೇ ದನಿಯಲ್ಲಿ ದಾಟಿಸಿದಳು.

ನಾನು ಕಲ್ಲನ್ನು ಮಗುಚಿ ನೋಡಿದೆ. ಒಂದು ಪುಟ್ಟ ಬಟ್ಟಲು, ನಡುವೆ ಕೊಂಚ ತಗ್ಗು, ಒಂದು ತುದಿ ಕೊಕ್ಕಿನಂತೆ ಬಾಗಿ ಮುಂದಕ್ಕೆ ಬಂದಿದೆ. ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ. "ಅಯ್ಯ ಗಿರಿಜಾ, ಒಳಲೆ ನೋಡೇ! ಕಲ್ಲಾಗಿಬಿಟ್ಟೈತೆ!"

ಕೂಸಿನ ತುಟಿಗೆ ಹಾಲು, ಬಜೆ, ಔಷಧಿ ಹನಿಹನಿಯಾಗಿ ಬಿಡುವ ಒಳಲೆ ನಮ್ಮ ಕಡೆ ಯಾವ ಮನೆಯಲ್ಲಿಲ್ಲ? ನಮ್ಮ ಮನೆಯದು ಬೆಳ್ಳಿಯದು. ಗಿರಿಜೆ ಬೆಳೆದದ್ದು ಅದರಲ್ಲೇ. ಬಾಣಂತನದ ಪಾರ್ಸೆಲ್ಲಿನಲ್ಲಿ, ಕುಲಾವಿಯೊಳಗೆ ಸುತ್ತಿ, ಅದನ್ನು ನಾನೇ ಕಳಿಸಿದ್ದೆ. ಇಷ್ಟು ದಿನ ಮಾಲಿನ ಕಡೆ ನೋಡದೆ ಸುತ್ತು ಹಾಕಿದವಳು ಒಂದು ಕಲ್ಲು ಕಂಡು ಮೋಸಹೋದೆ. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಗಿರಿಜೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು ಮಹಡಿ ಹತ್ತಿ ಹೋದಳು. ಮೇಲೆ ಬಾಗಿಲು ಹಾಕಿದ ಸಪ್ಪಳ ಕೇಳಿಸಿತು.

ಎಡಿತಮ್ಮ ಏನೆಂದು ಕಣ್ಣಿನಲ್ಲೇ ಕೇಳಿದರು. ದುಭಾಷಿ ಹೊರಟುಹೋಗಿದ್ದಳು. ನಾನು ಕಲ್ಲಿನ ಕೊಕ್ಕನ್ನು ಗಾಳಿಯಲ್ಲಿ ಒಂದು ಕೂಸಿನ ಬಾಯಿಗೆ ಹಿಡಿದಂತೆ ಮಾಡಿ ತೋರಿಸಿದೆ. ಆಮೇಲೆ ಬರಿಗೈಯನ್ನು ತೊಟ್ಟಿಲಂತೆ ಎರಡು ಸಲ ತೂಗಿದೆ. ಆಕೆ ಬಂದು ನನ್ನ ಪಕ್ಕದಲ್ಲಿ ಕೂತರು. ಚಾ ಆರಿಹೋಗುವವರೆಗೂ ಇಬ್ಬರೂ ಹಾಗೇ ಕೂತಿದ್ದೆವು, ಟೋಪಿ ಇದ್ದೂ ಆರಿತು.

ಸಂಜೆ ಎಡಿತಮ್ಮ ಶಿವಾನಂದರ ಮೂಲಕ ಹೇಳಿಸಿದರು: ಈ ಕಲ್ಲುಗಳು ಸಿಗುವ ಜಾಗ ಊರಿಂದ ದೂರವಿಲ್ಲ, ಸೆವರ್ನ್ ಹೊಳೆಯ ದಂಡೆ. ಭಾನುವಾರ ತಮ್ಮೊಂದಿಗೆ ಬರುತ್ತೀರಾ? ನಾನು ಗಿರಿಜೆಗೆ ಕೇಳಿಸುವಂತೆ, "ಎಡಿತಮ್ಮನ ಜೋಡಿ ನಾನೊಬ್ಳೇ ಹೋಗ್ತೀನಿ. ಕೈಸನ್ನಿ, ಬಾಯಿಸನ್ನಿ ಮಾಡಿ ಹೆಂಗೋ ಬರ್ತೀನಿ. ಕಳೆದುಹೋದ್ರೆ ಪೊಲೀಸರು ತಂದು ಬಿಡ್ತಾರೆ," ಎಂದೆ. ಭಾನುವಾರ ಬೆಳಿಗ್ಗೆ ನಾನು ಸೀರೆಯ ಮೇಲೆ ಅಳಿಯಂದಿರ ಹಳೆಯ ಕೋಟು ಹಾಕಿಕೊಂಡು ಹೊರಡುವಾಗ ಅವಳೂ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸೆವರ್ನ್ ದಂಡೆ

ಬಸ್ಸಿಳಿದು ಹುಲ್ಲುಗಾವಲಿನ ನಡುವೆ ನಡೆದೆವು. ಕಾಯುವವರಿಲ್ಲದೆ ದನಗಳು ತಮ್ಮ ಪಾಡಿಗೆ ಮೇಯುತ್ತಿದ್ದವು. ಮಂಜಿತ್ತೋ ಮೋಡವೇ ಕೆಳಗಿಳಿದಿತ್ತೋ ತಿಳಿಯದು. ಒಮ್ಮೆಲೇ ಮುಂದೆ ಹೊಳೆ. ಎಂಥ ಹೊಳೆ! ಮಳೆಗಾಲದ ತುಂಗಭದ್ರೆಯ ಕೆಂಪು ನೀರೇ. ಅಗಲ ಮಾತ್ರ ಅದರ ನಾಲ್ಕರಷ್ಟು. ನೀರು ಇಳಿದು ದೂರ ಹೋಗಿತ್ತು. ಈಚೆಗೆ ಕೆಸರು, ಕೆಸರಿನ ಹಿಂದೆ ಒಂದು ದಿಬ್ಬ. ದಿಬ್ಬದ ಮೈಯಲ್ಲಿ ಬೂದು, ನೀಲಿ ಪದರಗಳು ಒಂದರ ಮೇಲೊಂದು.

ಕಾಲ ಕೆಳಗೆ ನೋಡಿದೆ. ಒಳಲೆಗಳು! ಒಂದಲ್ಲ ಎರಡಲ್ಲ, ದಂಡೆಯ ಉದ್ದಕ್ಕೂ. ಹೆಬ್ಬೆರಳಿನಷ್ಟು ಪುಟ್ಟವು, ಅಂಗೈಯಷ್ಟು ದೊಡ್ಡವು, ಬೋರಲು ಬಿದ್ದವು, ನೀರು ತುಂಬಿಕೊಂಡು ಅಂಗಾತ ಮಲಗಿದವು. ಯಾವುದೋ ಕಾಲದಲ್ಲಿ ಇಲ್ಲಿ ಬರೀ ಬಾಣಂತಿಯರದೇ ಒಂದು ಊರಿತ್ತೇನೋ, ಕೂಸುಗಳೆಲ್ಲ ದೊಡ್ಡವಾಗಿ ಹೊರಟುಹೋದ ಮೇಲೆ ಒಳಲೆಗಳನ್ನು ಇಲ್ಲಿ ತಂದು ಸುರಿದರೇನೋ ಎಂದು ಅನ್ನಿಸಿತು. ಎಚ್ಚರವಿದ್ದೇ ಕನಸು ಬಿದ್ದಂತೆ ಆ ಕಲ್ಲುಗಳ ನಡುವೆ ನಡೆದೆ. ಗಿರಿಜೆ ಹಿಂದೆ ಬರುತ್ತಿದ್ದಳು. ಒಂದರ ಮೇಲೂ ಕಾಲಿಡದಂತೆ ನೋಡಿ ನೋಡಿ ಹೆಜ್ಜೆ ಹಾಕುತ್ತಿದ್ದಳು.

ಅಲ್ಲಿ ಒಬ್ಬ ವಯಸ್ಸಾದವರು ಚೀಲ, ಸುತ್ತಿಗೆ ಹಿಡಿದು ಬಗ್ಗಿ ಹುಡುಕುತ್ತಿದ್ದರು. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು ಎಂದು ಎಡಿತಮ್ಮ ಪರಿಚಯ ಹೇಳಿದರು. ಮೇಷ್ಟ್ರುಗಳು ಎಲ್ಲ ದೇಶದಲ್ಲೂ ಒಂದೇ. ಕೇಳುವವರು ಸಿಕ್ಕರೆ ಬಿಡುವುದಿಲ್ಲ. ಪಾಠ ಶುರುವಾಯಿತು, ಗಿರಿಜೆ ದಾಟಿಸಿದಳು.

"ಇದು ಸೈತಾನನ ಉಗುರಲ್ಲಂತೆ ಅವ್ವ. ಸಿಂಪಿನ ಜಾತಿದಂತೆ. ಜೀವ ಇತ್ತಂತೆ ಇದ್ರಾಗೆ."

"ಮುತ್ತಿನ ಸಿಂಪೇನು?"

"ಮುತ್ತಿಲ್ಲ. ಇಲ್ಲೆಲ್ಲ ಬೆಚ್ಚಗಿನ ಸಮುದ್ರ ಇತ್ತಂತೆ. ಅದರ ತಳದ ರಾಡಿಯಾಗೆ ಹಿಂಗೆ ಅಂಗಾತ ಮಲಗಿರ್ತಿತ್ತಂತೆ. ಮ್ಯಾಲೆ ಒಂದು ಚಪ್ಪಟೆ ಮುಚ್ಚಳ. ಅದನ್ನ ಚೂರು ಎತ್ತಿ ನೀರು ಕುಡಿದು, ಮತ್ತೆ ಮುಚ್ಕೊಂತಿತ್ತಂತೆ. ಡೈನೋಸಾರ್ ಅಂತ ಭಾರಿ ಪ್ರಾಣಿ ಇದ್ದ ಕಾಲಂತೆ."

"ರಾಮಾಯಣಕ್ಕಿಂತ ಮುಂಚೇನಾ?"

ಮೇಷ್ಟ್ರು ರಾಮಾಯಣವೆಂದರೇನೆಂದು ಕೇಳಿ ತಿಳಿದುಕೊಂಡು, ಬಹಳ ಗೌರವದಿಂದ, ಅದಕ್ಕಿಂತಲೂ ಬಹಳ ಮುಂಚೆ ಎಂದರು. ಈಗ ಈ ಜಾತಿ ಯಾವ ಸಮುದ್ರದಲ್ಲೂ ಇಲ್ಲವಂತೆ. ವಂಶವೇ ಮುಗಿದು, ಚಿಪ್ಪು ಮಾತ್ರ ಕಲ್ಲಾಗಿ ಉಳಿಯಿತಂತೆ. ಹಾಗಾದರೆ ಎಡಿತಮ್ಮನ ಜೇಬಿನಲ್ಲಿರುವುದು ಸತ್ತ ಜೀವದ ಚಿಪ್ಪು, ನಾನು ಅದನ್ನು ಅಡಿಗೆಮನೆಯಲ್ಲಿ ಮುಟ್ಟಿದೆ. ಸ್ನಾನ ಮಾಡಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚನೆಯಾಯಿತು. ರಾಮಾಯಣಕ್ಕಿಂತ ಹಿಂದಿನ ಮೈಲಿಗೆ ಇಷ್ಟು ಹೊತ್ತಿಗೆ ಹರಿದುಹೋಗಿರುತ್ತದೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ.

"ವಂಶ ಯಾಕ ಮುಗೀತಂತೆ?" ಎಂದೆ.

ಗಿರಿಜೆ ಕೇಳಿದಳು. ಮೇಷ್ಟ್ರು ಒಂದು ಕಲ್ಲಿನ ಬಾಗಿದ ಕೊಕ್ಕಿನ ಮೇಲೆ ಬೆರಳಾಡಿಸುತ್ತಾ ಉದ್ದಕ್ಕೆ ಹೇಳತೊಡಗಿದರು.

"ಕೆಲವು ಪಂಡಿತರು ಹೇಳ್ತಾರಂತೆ," ಎಂದಳು ಗಿರಿಜೆ. "ಇದು ವಂಶ ವಂಶಕ್ಕೂ ಒಳಗೊಳಗೇ ಸುತ್ಕೊಂತಾ ಹೋತಂತೆ. ಮದ್ಲು ಚೂರು ಬಾಗಿತ್ತಂತೆ. ಆಮ್ಯಾಲೆ ಇನ್ನೂ, ಆಮ್ಯಾಲೆ ಇನ್ನೂ. ಕಡೀಗೆ ಈ ಕೊಕ್ಕು ಸುತ್ಕೊಂಡು ಬಂದು ಮುಚ್ಚಳದ ಮ್ಯಾಲೇ ಕೂತು, ಬಾಯಿ ತೆಗೆಯಾಕೇ ಆಗದಂಗೆ…"

ಅಲ್ಲಿಗೆ ನಿಂತಳು. ಮೇಷ್ಟ್ರಿಗೆ ಅದು ತಿಳಿಯಲಿಲ್ಲ. ಅವರು ಚೀಲದಿಂದ ಮುಚ್ಚಳ ಸಮೇತ ಉಳಿದಿದ್ದ ಒಂದು ಕಲ್ಲು ತೆಗೆದು, ಕೊಕ್ಕಿಗೂ ಮುಚ್ಚಳಕ್ಕೂ ನಡುವೆ ಉಗುರು ಆಡಿಸುತ್ತಾ ಇನ್ನೇನೋ ಹೇಳುತ್ತಲೇ ಇದ್ದರು. ಗಿರಿಜೆ ಆ ಉಗುರನ್ನೇ ನೋಡುತ್ತಿದ್ದಳು.

"ಪೂರಾ ಹೇಳು ಮಗಾ," ಎಂದೆ. "ಆಮ್ಯಾಲೆ ಏನಂದ್ರು?"

"ಇವರು ಅದನ್ನ ಒಪ್ಪಲ್ಲಂತೆ," ಎಂದಳು. "ಜೀವಮಾನೆಲ್ಲ ಈ ದಂಡೀಗೆ ಬಂದಾರಂತೆ. ಎಷ್ಟೋ ಒಡೆದು ನೋಡ್ಯಾರಂತೆ. ಬಾಯಿ ತೆಗೆಯಾಕ ಆಗದಂಗೆ ಕಚ್ಕೊಂಡಿದ್ದು ಇವರಿಗೆ ಒಂದೂ ಸಿಕ್ಕಿಲ್ಲಂತೆ. ಎಷ್ಟು ಸುತ್ಕೊಂಡಿದ್ರೂ ಚೂರು ಸಂದು ಇದ್ದೇ ಇರ್ತತಂತೆ."

ಹೇಳಿ ಮುಗಿಸಿದವಳು ಆ ಒದ್ದೆ ಕಲ್ಲುಗಳ ನಡುವೆ ಕೂತುಬಿಟ್ಟಳು. ನೀರು ತುಂಬಿಕೊಂಡಿದ್ದ ಒಂದು ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಅವ್ವಾ," ಎಂದಳು. "ಅದಕ್ಕೆ ಹಾಲು ಎಳೆಯಾಕ ಬರ್ತಿರಲಿಲ್ಲ. ಆಸ್ಪತ್ರಿಯಾಗೆ ಮೂಗಿಗೆ ನಳಿಗೆ ಹಾಕಿದ್ರು. ನನ್ ಪೆಟ್ಟಿಗ್ಯಾಗೆ ಒಳಲೆ ಇತ್ತು. ಇಲ್ಲಿಯವರು ನಗ್ತಾರೆ ಅಂತ ನಾ ತೆಗೀಲೇ ಇಲ್ಲ. ಒಂದು ಹನಿ ನನ್ ಕೈಯಾರ ಹಾಕಿದ್ರೆ ಉಳೀತಿತ್ತೇನೋ."

ಅದು ಯಾರ ಮಾತಿನ ಅನುವಾದವೂ ಆಗಿರಲಿಲ್ಲ. ಇಷ್ಟು ತಿಂಗಳು ಅವಳು ಒಳಗಿಟ್ಟುಕೊಂಡು ಕೂತಿದ್ದದ್ದು ಇದು. ನಾನೂ ಕೆಸರಿನಲ್ಲೇ ಕೂತೆ. ಅವಳಿಗೆ ಎಂದೂ ಹೇಳದ ಒಂದು ಮಾತು ನನ್ನ ಹತ್ತಿರ ಇತ್ತು. ನಮ್ಮಲ್ಲಿ ಅಂಥದ್ದನ್ನು ಮಕ್ಕಳಿಗೆ ಹೇಳುವುದಿಲ್ಲ.

"ನಿನಗಿಂತ ಮದ್ಲು ನನಗೊಂದು ಗಂಡು ಹುಟ್ಟಿತ್ತು. ಅದೂ ದಿನ ತುಂಬಿರ್ಲಿಲ್ಲ. ಅದೇ ಒಳಲ್ಯಾಗೆ, ಇದೇ ಕೈಯಾಗೆ ಹಾಲು ಹಾಕಿದೆ. ಹನಿ ತುಟಿ ಮ್ಯಾಲೆ ಇದ್ದಂಗೇ ಹೋತು. ಒಳಲೆ ಇದ್ರೆ ಉಳೀತಿತ್ತು ಅಂತ ಯಾರಾದ್ರೂ ಅಂದ್ರೆ ನಾ ನಂಬಂಗಿಲ್ಲ. ನಿನ್ ಕೈಯಾಗೇನೂ ಇರ್ಲಿಲ್ಲ ಮಗಾ. ನನ್ ಕೈಯಾಗೂ ಇರ್ಲಿಲ್ಲ."

ಅವಳು ಅತ್ತಳು. ಆ ಹೊಳೆಯ ಅಗಲಕ್ಕೂ ಕೇಳಿಸುವಂತೆ ಅತ್ತಳು. ಎಡಿತಮ್ಮ ಮೇಷ್ಟ್ರ ತೋಳು ಹಿಡಿದು ದೂರ ಕರೆದೊಯ್ದರು. ನಾನು ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಸಮಾಧಾನದ ಒಂದು ಮಾತೂ ಆಡದೆ, ಅಳಲು ಬಿಟ್ಟೆ. ಸಂತೋಷದಿಂದ ಎಂದರೆ ತಪ್ಪು ತಿಳಿಯಬಾರದು. ಸಂತೋಷವಾಗಿತ್ತು.

ಎಷ್ಟು ಹೊತ್ತಾಯಿತೋ. ಮೇಷ್ಟ್ರು ದೂರದಿಂದ ಕೈಬೀಸಿ ಕೂಗತೊಡಗಿದರು. ತಲೆ ಎತ್ತಿದರೆ ಹೊಳೆ ತಿರುಗಿ ಬರುತ್ತಿತ್ತು! ಸಮುದ್ರಕ್ಕೆ ಹೋದ ನೀರು ಒಂದು ಬಿಳಿಯ ಗೆರೆಯಾಗಿ, ದಂಡೆಯಿಂದ ದಂಡೆಗೆ ಅಡ್ಡಲಾಗಿ, ಬಂದ ದಾರಿಯಲ್ಲೇ ಮೇಲಕ್ಕೆ ಏರುತ್ತಿತ್ತು. ಹೊಳೆಯ ಊರಿನಲ್ಲಿ ಹುಟ್ಟಿದವಳು ನಾನು. ಹೊಳೆ ಹಿಂದಕ್ಕೆ ಹರಿದದ್ದನ್ನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ಸದ್ದೇ ಇರಲಿಲ್ಲ. ಇಬ್ಬರೂ ಕೈಹಿಡಿದು ಎದ್ದು ಓಡಿದೆವು. ಕೆಸರು ನನ್ನ ಒಂದು ಚಪ್ಪಲಿ ಕಿತ್ತುಕೊಂಡಿತು. ದಿಬ್ಬದ ಮೇಲೆ ನಿಂತು ನೋಡಿದಾಗ ನಾವು ಕೂತ ಜಾಗವಿರಲಿಲ್ಲ, ಒಳಲೆಗಳೂ ಇರಲಿಲ್ಲ. ಬರೀ ನೀರು.

ನನ್ನ ಮಂಡಿಯೂ ನೋಯುತ್ತಿತ್ತು. ಎಡಿತಮ್ಮ ಅದಕ್ಕೆಂದು ನೀರು ಬರುವ ಮೊದಲೇ ಆರಿಸಿಟ್ಟಿದ್ದ ಒಂದು ಕಲ್ಲು ಕೊಟ್ಟರು. ನೋವು ಮೊದಲು ಹೇಗಿತ್ತೋ ಈಗಲೂ ಹಾಗೆಯೇ ಇದೆ. ಒಂದೇ ಚಪ್ಪಲಿಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆದದ್ದರಿಂದ ಕೊಂಚ ಹೆಚ್ಚಾಗಿರಲೂ ಬಹುದು.

ಮಹಡಿಯ ಮೇಲಿನ ಟ್ರಂಕು

ಹೊರಡುವ ದಿನ ಹತ್ತಿರ ಬಂತು. ಗಿರಿಜೆ ಈಗ ಮಾತಾಡುತ್ತಿದ್ದಳು, ಹೆಚ್ಚಲ್ಲ. ಒಮ್ಮೆ ಸಾರಿಗೆ ಉಪ್ಪು ಕಡಿಮೆ ಎಂದಳು. ಅಳಿಯಂದಿರು ಎದ್ದು ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟರು. ಇನ್ನು ಊರಿಗೆ ಕರೆದೊಯ್ದು, ಎಣ್ಣೆ ನೀರು ಹಾಕಿ, ನಾಲ್ಕು ಜನರ ನಡುವೆ ಕೂರಿಸಿದರೆ ಪೂರ್ತಿ ಹುಷಾರಾಗುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಟ್ರಂಕು ತೆಗೆದು ಅವಳ ಸೀರೆಗಳನ್ನು ಮಡಿಸಿ ತುಂಬುತ್ತಿದ್ದೆ. ಅವಳು ಬಂದು ಮಂಚದ ತುದಿಯಲ್ಲಿ ಕೂತು ನೋಡಿದಳು. ಆಮೇಲೆ ಒಂದೊಂದಾಗಿ ಸೀರೆಗಳನ್ನು ಹೊರಗೆ ತೆಗೆದಿಡತೊಡಗಿದಳು.

"ಏನ್ ಮಾಡ್ತೀಯೇ?"

"ಅವ್ವಾ, ನಾ ಬರಂಗಿಲ್ಲ."

"ಬರಂಗಿಲ್ಲ ಅಂದ್ರೆ? ಟಿಕೆಟ್ ಆಗೈತೆ. ಅಪ್ಪಾಜಿ ಕಾಯ್ತಾ ಅದಾರೆ."

"ಅದು ಇಲ್ಲೇ ಮಲಗೈತಲ್ಲ ಅವ್ವ. ಇಷ್ಟು ದಿನ ನಾ ಒಂದ್ಸಲಾನೂ ಅಲ್ಲಿಗೆ ಹೋಗಿಲ್ಲ. ಒಂದನ್ನೇ ಬಿಟ್ಟು ಈಗ್ಲೇ ಹೆಂಗೆ ಬರ್ಲಿ? ಇವರ ಕೆಲ್ಸ ಮುಗೀಲಿ, ಅಲ್ಲೀಗಂಟ ಹೋಗಿ ಹೋಗಿ ಮಾತಾಡಿಸ್ಕೊಂಡು ಬರ್ತೀನಿ. ಆಮ್ಯಾಲೆ ನೋಡಣ."

ನನಗೆ ಉರಿದುಹೋಯಿತು. ಬೈದೆ. ಅತ್ತೆ. ಅಪ್ಪನಿಗೆ ಏನೆಂದು ಹೇಳಲಿ ಎಂದೆ. ಈ ಮಳೆಯ ಊರಿನಲ್ಲಿ ನಿನಗೆ ಯಾರಿದ್ದಾರೆ ಎಂದೆ. ಮಡಿಸಿದ ಸೀರೆಯನ್ನು ನಾನು ಒಳಗೆ ಹಾಕಿದರೆ ಅವಳು ಹೊರಗೆ ಹಾಕುತ್ತಿದ್ದಳು. "ಬರಂಗಿಲ್ಲ ಅಂದ್ರೆ ಬರಂಗಿಲ್ಲ, ಎಷ್ಟು ಸಲ ಹೇಳ್ಬೇಕು ನಿನಗೆ?" ಎಂದು ಅವಳೂ ಕೂಗಿದಳು. ಗಲಾಟೆಗೆ ಎಡಿತಮ್ಮ ಮೆಟ್ಟಿಲಿನವರೆಗೆ ಬಂದು ಹಿಂತಿರುಗಿದರು. ಕೊನೆಗೆ ಸೋತವಳು ನಾನು. ಟ್ರಂಕು ಮುಚ್ಚಿ ಮಂಚದ ಕೆಳಗೆ ತಳ್ಳಿದೆ.

ಮರುದಿನ ಇಬ್ಬರೂ ಕೂಸನ್ನು ಮಣ್ಣುಮಾಡಿದ ಜಾಗಕ್ಕೆ ಹೋದೆವು. ನಮ್ಮಲ್ಲೂ ಹೂಳುವುದೇ ರೂಢಿ, ಅವರಲ್ಲೂ ಹೂಳುವುದೇ. ಆ ಮಟ್ಟಿಗೆ ಕೂಸಿಗೆ ಪರದೇಶವೆನಿಸಿರಲಿಕ್ಕಿಲ್ಲ. ನಾನು ಹಣೆಗೆ ಹಚ್ಚುವಷ್ಟು ವಿಭೂತಿಯನ್ನು ಆ ಹುಲ್ಲಿನ ಮೇಲೆ ಇಟ್ಟು ಕೈಮುಗಿದೆ.

ದಾವಣಗೆರೆ ಸ್ಟೇಷನ್

ವಾಪಸು ಬರುವಾಗ ಹಡಗಿನಲ್ಲಿ ನನ್ನ ಎದುರಿನ ಹಾಸಿಗೆ ಬೊಂಬಾಯಿಯವರೆಗೂ ಖಾಲಿ ಬಂತು. ಸಮುದ್ರ ನೋಡುತ್ತಾ ಕೂತು, ಯಜಮಾನರಿಗೆ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಕಟ್ಟಿದೆ, ಹತ್ತನ್ನೂ ಬಿಟ್ಟೆ. ಬರುವ ದಿನ ಮಾತ್ರ ತಂತಿಯಲ್ಲಿ ತಿಳಿಸಿದ್ದೆ, ಉಳಿದದ್ದಕ್ಕೆ ಧೈರ್ಯವಾಗಿರಲಿಲ್ಲ. ಹೋಗುವಾಗ ಒಬ್ಬಳು, ಬರುವಾಗ ಇಬ್ಬರು ಎಂದು ಕಳಿಸಿದವರ ಮುಂದೆ ಒಬ್ಬಳೇ ಹೇಗೆ ಇಳಿಯಲಿ?

ಗಾಡಿ ನಿಂತಿತು. ಯಜಮಾನರು ಹೊಸ ಧೋತರ ಉಟ್ಟು ಬಂದಿದ್ದರು. ನಾನು ಇಳಿದೆ. ಅವರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಸಾಮಾನು ಇಳಿಯಿತು, ಬೇರೆ ಜನ ಇಳಿದರು, ಅವರು ಇನ್ನೂ ಬಾಗಿಲನ್ನೇ ನೋಡುತ್ತಿದ್ದರು.

"ಎಲ್ಲಿ?" ಎಂದರು.

ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಬರಂಗಿಲ್ಲ ಅಂದ್ಲು," ಎಂದೆ.

ಅವರು ಬಾಗಿಲಿನಿಂದ ಕಣ್ಣು ತೆಗೆದರು. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು.

"ಅಂದ್ಲಾ? ಬಾಯಿಬಿಟ್ಟು ಅಂದ್ಲಾ?"

"ಬಾಯಿಬಿಟ್ಟು ಅಂದ್ಲು. ಜಗಳ ಆಡಿ ಅಂದ್ಲು. ಮನಿ ಹಾರಿಹೋಗಂಗೆ ಕೂಗಿ ಅಂದ್ಲು."

ಯಜಮಾನರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. "ಹುಷಾರಾಗ್ಯಾಳ ಬಿಡು," ಎಂದು, ನನ್ನ ಕೈಯಲ್ಲಿದ್ದ ಚೀಲ ತೆಗೆದುಕೊಂಡು ಟಾಂಗಾ ಕರೆಯಲು ಹೋದರು.